ಹಳದಿ ಫಲಕದ ತಿರುವು ಮತ್ತು ಸುಂದರಾಬಾಯಿಯವರು

ನಮ್ಮ ಗಡಿಭಾಗದ ರೈಲುಹಳಿಗಳ ಸುರಕ್ಷತೆಯ ಮಾತು ಬಂದಾಗ ಗೌರವದಿಂದ ನೆನೆಯಲಾಗುವ ಹೆಸರು ಇಂಜಿನಿಯರ್ ಶ್ರೀಮತಿ ಸುಂದರಾಬಾಯಿಯವರದು. ಏಕಸಂಬಿಯ ಕಬ್ಬು ಬೆಳೆಗಾರರ ಮನೆಯಲ್ಲಿ ಹುಟ್ಟಿ, ರಾಯಬಾಗ ಭಾಗದ ಹಳಿಗಳ ಹಾಗೂ ವೇಗಮಿತಿ ಫಲಕಗಳ ಹೊಣೆ ಹೊತ್ತು, ಈಗ ನಿವೃತ್ತರಾಗುತ್ತಿರುವ ಅವರ ಸೇವಾವಧಿಯಲ್ಲಿ ಸಹೋದ್ಯೋಗಿಗಳು ಇಂದಿಗೂ ತಗ್ಗಿದ ದನಿಯಲ್ಲೇ ಹೇಳುವ ಪ್ರಸಂಗವೊಂದಿದೆ.

ಊರಾಚೆಯ ತಿರುವಿನಲ್ಲಿ ಹಳಿ ಬದಲಿಸುವಾಗ, ರೈಲುಗಳು ನಿಧಾನವಾಗಿ ಸಾಗಲೆಂದು ಹಳದಿ ಫಲಕ ನೆಟ್ಟಿದ್ದರು. ಕೆಲಸ ಮುಗಿದ ಮೇಲೆ ಸುಂದರಾಬಾಯಿಯವರೇ ನಿಂತು ಅದನ್ನು ಕೀಳಿಸಿದರು. ಆದರೂ ಚಾಲಕ ಮಲಕಾರಿಯವರು ಅಲ್ಲಿ ವೇಗ ತಗ್ಗಿಸುತ್ತಲೇ ಇದ್ದರು. ಕಣ್ಣಿನ ಪರೀಕ್ಷೆಯಲ್ಲಿ ದೋಷ ಸಿಗಲಿಲ್ಲ. ಕೊನೆಗೆ ಅವರನ್ನು ಕೆಲಸದಿಂದಲೇ ತೆಗೆಯುವ ಮಾತಾಯಿತು.

“ಬಾಯಾರ, ಫಲಕ ಅಲ್ಲೇ ಐತ್ರಿ. ಕಂಡದ್ದನ್ನ ಕಂಡಿಲ್ಲಂತ ಹ್ಯಾಂಗ ಗಾಡಿ ಓಡಿಸ್ಲಿ?” ಎಂದರು ಮಲಕಾರಿ.

ಮರುದಿನ ಸಂಜೆ ಸುಂದರಾಬಾಯಿಯವರು ಅವರೊಂದಿಗೆ ಎಂಜಿನ್ ಏರಿದರು. ಹೊಲಗಳಲ್ಲಿ ಕಬ್ಬಿನ ಒಣಗಿದ ಗರಿ, ರವದಿ, ಸುಟ್ಟ ಹೊಗೆ ಹಳಿಗಳ ಮೇಲೆ ಕವಿದಿತ್ತು. ತಿರುವಿನಲ್ಲಿ ಹೊಗೆ ಸರಿದಾಗ ಹಳದಿ ಫಲಕ ನಿಂತಿತ್ತು. ವೇಗದ ಅಂಕಿ ಇರಬೇಕಾದಲ್ಲಿ ಏನೂ ಇರಲಿಲ್ಲ. ಮಲಕಾರಿ ಬ್ರೇಕು ಹಾಕಿದರು; ಸುಂದರಾಬಾಯಿಯವರು ಬೇಡವೆನ್ನಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಫಲಕವಿಲ್ಲ. ಅಲ್ಲಿ ಕುರಿ ಮೇಯಿಸುತ್ತಿದ್ದ ಕೆಂಚವ್ವನನ್ನು ವಿಚಾರಿಸಿದರು.

“ಕುರಿ ದಾಟಿಸಾಕ ಹೋಗಿ ನನ್ನ ಸೊಸಿ, ಸತ್ತೆವ್ವ ಅನ್ನಾಕಿ, ಇಲ್ಲೇ ಗಾಡಿಗೆ ಸಿಕ್ಕು ಹ್ವಾದಳ್ರಿ,” ಎಂದಳು ಮುದುಕಿ. “ನೀವು ಹಳದಿ ಹಲಗಿ ಇಟ್ಟಮ್ಯಾಲೆ ಗಾಡಿ ಸಾವಕಾಶ ಬರಾಕತ್ತಿದ್ವು. ತಗದಮ್ಯಾಲೂ ಹಂಗ ಬರತಾವ. ಯಾರ ನಿಧಾನ ಮಾಡಸ್ತಾರಂತ ನಾ ಕೇಳಿಲ್ಲ. ನೀವೂ ಕೇಳಬ್ಯಾಡ್ರಿ.”

ಮಲಕಾರಿಯವರ ಮೇಲಿನ ವಿಚಾರಣೆಯಲ್ಲಿ ಸುಂದರಾಬಾಯಿಯವರು, “ಆ ಫಲಕವನ್ನು ನಾನೂ ನೋಡಿದ್ದೇನೆ” ಎಂದರು. ಈ ಮಾತಿನಿಂದ ಅವರ ಬಡ್ತಿ ತಡವಾಯಿತು. ಮಲಕಾರಿಯವರ ಕೆಲಸ ಉಳಿಯಿತು. ಕುರಿ ದಾಟುವ ಜಾಗ ತಿರುವಿನಲ್ಲಿ ಮರೆಯಾಗುತ್ತದೆಂದು ಪಟ್ಟು ಹಿಡಿದು, ಅಲ್ಲಿಗೆ ಕಾಯಂ ವೇಗಮಿತಿಯನ್ನೂ ಮಂಜೂರು ಮಾಡಿಸಿದರು.

ಹೊಸ ಫಲಕ ನೆಟ್ಟ ಸಂಜೆ ಮತ್ತೆ ಮಲಕಾರಿಯವರೊಂದಿಗೆ ಎಂಜಿನ್ ಏರಿದರು.

“ಈಗ ನಿಮ್ಮ ಫಲಕ ಒಂದ ಐತಿ ನೋಡ್ರಿ, ಹಳೇದ ಕಾಣವಲ್ದು,” ಎಂದು ಮಲಕಾರಿ ಹಗುರಾಗಿ ಉಸಿರು ಬಿಟ್ಟರು.

ಅದರ ಹಿಂದೆ, ಅಂಕಿಯಿಲ್ಲದ ಇನ್ನೊಂದು ಫಲಕ ಸುಂದರಾಬಾಯಿಯವರಿಗೆ ಕಾಣುತ್ತಲೇ ಇತ್ತು.

“ಹೌದಪ್ಪಾ, ಒಂದ ಐತಿ,” ಎಂದರು.

ಮಲಕಾರಿಯವರು ನಿವೃತ್ತರಾಗುವವರೆಗೂ ಅವರು ಇದನ್ನು ಯಾರಿಗೂ ಹೇಳಲಿಲ್ಲ. ಅಂದಿನಿಂದ ಆ ತಿರುವಿನಲ್ಲಿ ಒಂದು ಜೀವವೂ ಹೋಗಿಲ್ಲ. ಸುಂದರಾಬಾಯಿಯವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಒದಗಲಿ. ಹೊಸದಾಗಿ ಸೇರುವ ಇಂಜಿನಿಯರರ ಜೊತೆ ಹಳಿಗುಂಟ ನಡೆಯುವ ಅವರ ರೂಢಿ ಬಹುಕಾಲ ಮುಂದುವರಿಯಲಿ.