ಹಿಂದೆ ನಡೆಯುವ ನಾಯಿ

ಫೆಬ್ರುವರಿ ೨೩, ಭಾನುವಾರ. ಬರೆಯಲು ಕೂತದ್ದು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ಬೆಳಗಿನ ಆಘಾತ ಇನ್ನೂ ಇಳಿದಿಲ್ಲ; ಅಕ್ಷರ ಸೊಟ್ಟಗಾಗಿದ್ದರೆ ಮನ್ನಿಸಬೇಕು.

ನಮ್ಮ ನಾಯಿ ಯಾವಾಗಲೂ ನನ್ನ ಹಿಂದೆ ನಡೆಯುತ್ತದೆ. ಬೇರೆಯವರ ನಾಯಿಗಳು ಯಜಮಾನರನ್ನು ಸರಪಳಿ ಸಮೇತ ಎಳೆದುಕೊಂಡು ಮುಂದೆ ಮುಂದೆ ಓಡುವುದನ್ನು ನೀವೂ ನೋಡಿರುತ್ತೀರಿ. ನಮ್ಮದು ಮಾತ್ರ, ಸಂಜೆ ಆರೂ ಇಪ್ಪತ್ತಕ್ಕೆ ನಾನು ಮಧುಗಿರಿ ಬಸ್ಸಿನಿಂದ ಚನ್ನರಾಯನದುರ್ಗದಲ್ಲಿ ಇಳಿದೊಡನೆ, ನಿಲ್ದಾಣದ ಕಟ್ಟೆಯ ಕೆಳಗಿನಿಂದ ಎದ್ದು, ಮೈ ಕೊಡವಿ, ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಮನೆಯ ಬಾಗಿಲು ಮುಟ್ಟುವವರೆಗೂ ಆ ಸ್ಥಾನ ಬಿಟ್ಟು ಕದಲುವುದಿಲ್ಲ. ದಾರಿಯಲ್ಲಿ ಅಂಗಡಿಯ ಮುಂದೆ ಯಾರ ಜೊತೆಗಾದರೂ ಮಾತಿಗೆ ನಿಂತೆನೋ, ಒದ್ದೆ ಮೂತಿಯಿಂದ ನನ್ನ ಮೀನಖಂಡಕ್ಕೆ ತಿವಿಯುತ್ತದೆ. ಇದನ್ನು ನಾನು ಹದಿನಾಲ್ಕು ತಿಂಗಳಿಂದ ದಿನಚರಿಯಲ್ಲಿ ಒಂದೇ ಮಾತಿನಲ್ಲಿ ದಾಖಲಿಸುತ್ತ ಬಂದಿದ್ದೇನೆ: ‘ಹಿಂದೆ ಬಿತ್ತು. ಉತ್ಸಾಹ ಸಾಲದು.’

ದಿನಚರಿಯ ಚಟ ನನಗೆ ಉದ್ಯೋಗದಿಂದ ಅಂಟಿದ್ದು. ಮಧುಗಿರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಒಬ್ಬರ ರಕ್ತಕ್ಕೆ ಇನ್ನೊಬ್ಬರ ಚೀಟಿ ಅಂಟಿಬಿಟ್ಟರೆ ಆಗಬಹುದಾದ ಅನಾಹುತವನ್ನು ನೆನೆದು ಕನಸಿನಲ್ಲೂ ಬೆಚ್ಚುವವಳು ನಾನು. ಹೀಗಾಗಿ ಬಸ್ ನಿಲ್ದಾಣದಲ್ಲಿ ಸಿಕ್ಕ ಈ ಕಂದು ಬಣ್ಣದ ನಾಯಿಯನ್ನು ಮನೆಗೆ ಕರೆತಂದ ಮೊದಲ ದಿನವೇ ಅದಕ್ಕೊಂದು ಪುಟ, ಒಂದು ಹೆಸರು, ಒಂದು ವೇಳಾಪಟ್ಟಿ ಸಿದ್ಧವಾದವು. ಹೆಸರು ಮಿಂಚು. ಅದರಲ್ಲಿ ವರ್ಣನೆಗಿಂತ ನನ್ನ ಆಸೆಯೇ ಹೆಚ್ಚಿತ್ತು.

ನಾಯಿಯೊಡನೆ ಆಡಬಹುದಾದ ಆಟಗಳನ್ನೆಲ್ಲ ಫೋನಿನಲ್ಲಿ ನೋಡಿ ಕಲಿತು, ಶಾಲೆಯ ಮೈದಾನದಲ್ಲಿ ಸಂಜೆಯ ಬೆಳಕು ಇರುವಷ್ಟು ಹೊತ್ತು ಅಭ್ಯಾಸ ನಡೆಸಿದೆ. ತಟ್ಟೆ ಎಸೆದರೆ ಹಾರಿ ಹಿಡಿಯುವ ಆಟಕ್ಕೆ ಬಣ್ಣದ ಡಬ್ಬಿಯ ಮುಚ್ಚಳ ಬಳಸಿದೆ: ಎಸೆದದ್ದು ನಲವತ್ತು ಸಲ, ಮಿಂಚು ತಂದದ್ದು ಸೊನ್ನೆ, ನಾನು ಹೋಗಿ ತಂದದ್ದು ನಲವತ್ತು. ಸೈಕಲ್ ಟೈರಿನೊಳಗೆ ನುಸುಳುವ ಆಟದಲ್ಲಿ, ಹೀಗೆ ಕಣೋ ಎಂದು ತೋರಿಸಲು ಹೋಗಿ ನಾನು ಆರು ಸಲ ನುಸುಳಿದೆ; ಅದು ಟೈರಿನ ಪಕ್ಕದಲ್ಲಿ ಕಾಲು ಚಾಚಿ ಮಲಗಿ ನೋಡಿತು. ಒಟ್ಟಾರೆ ಲೆಕ್ಕ ಹಾಕಿದರೆ ಎಲ್ಲ ಸ್ಪರ್ಧೆಗಳಲ್ಲೂ ನಾನೇ ಗೆದ್ದಿದ್ದೆ. ಆದರೂ ಬೆಟ್ಟದ ಆಚೆ ಮಗ್ಗುಲಿನ ಊರಿನ ಯುವಕರು ಭಾನುವಾರ ನಾಯಿಗಳ ಓಟ ಏರ್ಪಡಿಸಿದ್ದಾರೆಂದು ತಿಳಿದಾಗ ಶುಕ್ರವಾರವೇ ಹೆಸರು ಕೊಟ್ಟುಬಂದೆ. ನಿಯಮ ಸರಳ: ಮೈದಾನದ ಒಂದು ತುದಿಯಲ್ಲಿ ಹುಡುಗರು ನಾಯಿಗಳನ್ನು ಹಿಡಿದಿರುತ್ತಾರೆ, ಇನ್ನೊಂದು ತುದಿಯಲ್ಲಿ ಯಜಮಾನರು ನಿಂತು ಕೂಗಬೇಕು, ತನ್ನವರನ್ನು ಮೊದಲು ಮುಟ್ಟಿದ ನಾಯಿಗೆ ಸ್ಟೀಲಿನ ಬಕೆಟ್ಟು. ಬಕೆಟ್ಟು ನಮ್ಮ ಮನೆಯಲ್ಲಿ ಬೇಕಾದಷ್ಟಿವೆ. ನನಗೆ ಬೇಕಿದ್ದದ್ದು, ನಾಲ್ಕು ಜನರ ಎದುರು ಅದು ನನ್ನ ಕೂಗಿಗೆ ಓಗೊಟ್ಟು ಬರುವುದು, ಅಷ್ಟೇ.

ಇವತ್ತು ಬೆಳಗ್ಗೆ ಏಳಕ್ಕೆ ನೋಡಿದರೆ ಜಗಲಿ ಖಾಲಿ. ಭಾನುವಾರಗಳಲ್ಲಿ ಹಗಲು ಅದು ಮನೆಯಲ್ಲಿರುವುದಿಲ್ಲ. ವಾರಕ್ಕೊಂದು ರಜೆ ನಾಯಿಗೂ ಬೇಕೆಂದು ನಾನೇ ಮನಸ್ಸಿನಲ್ಲಿ ಮಂಜೂರು ಮಾಡಿದ್ದೆ. ಅದು ಹೊರಡುವ ಮುಂಚೆಯೇ ಹಿಡಿದುಕೊಳ್ಳುವ ನನ್ನ ಲೆಕ್ಕ ತಪ್ಪಿತ್ತು. ಅರ್ಧ ಗಂಟೆ ಊರೆಲ್ಲ ಹುಡುಕಿ, ಸಿಗದೆ, ಹೆಸರು ವಾಪಸು ಪಡೆಯೋಣವೆಂದು ಓಟದ ಮೈದಾನಕ್ಕೆ ಹೋದೆ. ಅಲ್ಲಿ ನೋಡುತ್ತೇನೆ, ಮಿಂಚು! ಕತ್ತಿನಲ್ಲಿ ಏಳನೇ ನಂಬರಿನ ಚೀಟಿ ಕಟ್ಟಿಸಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿದ ಯಾರೋ ಅಪರಿಚಿತರ ಕಾಲ ಬಳಿ ಗಂಭೀರವಾಗಿ ಕೂತಿದೆ. ನನ್ನ ನಂಬರು ಹನ್ನೊಂದು. ಒಂದೇ ಜೀವಕ್ಕೆ ಎರಡು ಚೀಟಿ! ನನ್ನ ವೃತ್ತಿಜೀವನದ ದುಃಸ್ವಪ್ನ ನಾಲ್ಕು ಕಾಲಿನ ಮೇಲೆ ಕೂತಿತ್ತು.

“ಇದು ನಮ್ಮ ನಾಯಿ, ಮಿಂಚು” ಎಂದೆ.

“ಮಿಂಚಾ?” ಎಂದರು ಅವರು. ಕುರಿ ಸಾಕುವ ಕರಿಯಣ್ಣ ಎಂದು ಆಮೇಲೆ ತಿಳಿಯಿತು. “ಇದು ಕೆಂಚ ಕಣಮ್ಮ. ವರ್ಸದ್ ಮ್ಯಾಲಾಯ್ತು, ನನ್ ಕುರಿ ಹಿಂದೇನೇ ಐತೆ. ದಿನಾ ಒಂಬತ್ಗಂಟೆಗೆ ಕುರಿ ರೊಪ್ಪದ ತಾವ ಹಾಜ್ರಿ.”

ಹೆಸರು ಬರೆದುಕೊಳ್ಳುತ್ತಿದ್ದ ಮಂಜಣ್ಣ ಪುಸ್ತಕವನ್ನೂ ನಾಯಿಯನ್ನೂ ಬದಲಿಸಿ ಬದಲಿಸಿ ನೋಡಿದ. “ಏಳೂ ಇದೇ, ಹನ್ನೊಂದೂ ಇದೇನಾ? ಅದೇನ್ ಎರಡ್ ಸಲ ಓಡ್ತದಾ?”

ನನ್ನ ಬಳಿ ಸಾಕ್ಷ್ಯವಿತ್ತು. ಚೀಲದಿಂದ ದಿನಚರಿ ತೆಗೆದು ಓದತೊಡಗಿದೆ. ಬೆಳಗ್ಗೆ ಎಂಟೂ ಹತ್ತಕ್ಕೆ ನಾನು ಹೊರಟಾಗ ಜಗಲಿಯ ಮೇಲೆ ಮಲಗಿತ್ತು. ಸಂಜೆ ಆರೂ ಇಪ್ಪತ್ತಕ್ಕೆ ನಿಲ್ದಾಣದಲ್ಲಿ ಮಲಗಿತ್ತು.

“ಅದು ಸರಿ ಕಣಮ್ಮ,” ಎಂದರು ಕರಿಯಣ್ಣ, “ನಡುವ್ಕೆ ಏನ್ ಬರ್ದಿದ್ದೀಯ, ಅದ ಓದು.”

ನಡುವೆ ಬರೆದಿದ್ದೆ: ‘ನಿದ್ರೆ, ಹತ್ತು ಗಂಟೆ ಹತ್ತು ನಿಮಿಷ.’ ಭಾನುವಾರ ಬಿಟ್ಟು ಪ್ರತಿ ದಿನವೂ. ಓದಿದೆ. ಮೈದಾನವೇ ನಕ್ಕಿತು. ಪಾವಗಡದ ಕಡೆಯಿಂದ ದಪ್ಪ ಬಿಳಿ ನಾಯಿ ತಂದಿದ್ದವರೊಬ್ಬರು ಪಕ್ಕದವರಿಂದ ತೆಲುಗಿನಲ್ಲಿ ಅರ್ಥ ಹೇಳಿಸಿಕೊಂಡು, ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬರೇ ನಕ್ಕರು.

ಕೊನೆಯ ಆಸರೆಯಾಗಿ ಅಮ್ಮನಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಮಾಡಬಾರದಿತ್ತು.

“ನಾನು ಕೆಲಸಕ್ಕೆ ಹೋದ ಮೇಲೆ ಮಿಂಚು ಎಲ್ಲಿರುತ್ತಮ್ಮ?”

“ಎಲ್ಲಿರ್ತದೆ? ಕುರಿ ಕಾಯಕ್ಕೆ ಹೋಯ್ತದೆ. ನಿನ್ ಬಸ್ಸು ತಿರುವು ದಾಟ್ತಿದ್ದಂಗೆ ಎದ್ಬುಟ್ತದೆ.”

“ನನಗ್ಯಾಕೆ ಹೇಳಲಿಲ್ಲ?”

“ನೀನ್ಯಾವತ್ತೇ ಕೇಳ್ದೆ? ಗಳಿಗೆ ಗಳಿಗೆಗೂ ಬರ್ಕೊಂತಿದ್ದೆ, ಇದ್ನೂ ಬರ್ಕೊಂಡಿರ್ತೀಯ ಅನ್ಕೊಂಡೆ!”

ಎರಡು ಚುಕ್ಕೆಗಳನ್ನಷ್ಟೇ ಕಣ್ಣಾರೆ ಕಂಡು, ನಡುವೆ ನಾನೇ ಗೆರೆ ಎಳೆದಿದ್ದೆ. ಆ ಗೆರೆಯ ಮೇಲೆ ಒಂದು ಪ್ರಾಣಿ ಹದಿನಾಲ್ಕು ತಿಂಗಳು ಬಿಸಿಲಿನಲ್ಲಿ ಬೆಟ್ಟ ಹತ್ತಿ ಇಳಿದು ದುಡಿದಿತ್ತು, ಮತ್ತು ನಾನು ಅದಕ್ಕೆ ಸೋಮಾರಿಯೆಂಬ ಪ್ರಮಾಣಪತ್ರ ಬರೆಯುತ್ತ ಕೂತಿದ್ದೆ. ನಾಚಿಕೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಭಯ. ಹಗಲೆಲ್ಲ ಅವರದಾಗಿದ್ದರೆ, ನನ್ನದೆನ್ನಲು ಏನು ಉಳಿಯಿತು?

ಮಂಜಣ್ಣ ತೀರ್ಪು ಕೊಟ್ಟ. “ಇಬ್ರೂ ಆ ತುದೀಲಿ ಇಪ್ಪತ್ತು ಹೆಜ್ಜೆ ದೂರ ದೂರ ನಿಂತ್ಕಳಿ. ಇಬ್ರೂ ಕೂಗಿ. ಯಾರ್ ತಾವ ಬತ್ತದೋ ಅವರ್ದು. ಆಮ್ಯಾಕೆ ಜಗಳ ಆಡಂಗಿಲ್ಲ.”

ಸೀಟಿ ಊದಿದ. ಸಿರಾದಿಂದ ಬಂದಿದ್ದ ತೆಳು ಸೊಂಟದ ಬೇಟೆನಾಯಿ ಬಾಣದಂತೆ ಹೊರಟಿತು. “ದಾ ರಾ, ದಾ!” ಎಂದು ಪಾವಗಡದವರು ತೆಲುಗಿನಲ್ಲಿ ಎಷ್ಟು ಕರೆದರೂ ಬಿಳಿ ನಾಯಿ ಹೊರಟ ಜಾಗದಲ್ಲೇ ಕೂತು ಕೆರೆದುಕೊಂಡಿತು. ಮತ್ತು ಮಿಂಚು ಓಡಿತು! ಅದು ಓಡಬಲ್ಲದೆಂಬುದೇ ನನಗೆ ಇವತ್ತಿನ ಮೂರನೆಯ ಆಘಾತ. ನೆಲಕ್ಕೆ ಹೊಟ್ಟೆ ತಾಗುವಂತೆ, ಬೇಟೆನಾಯಿಗೆ ಒಂದು ಮಾರು ಹಿಂದೆ. “ಮಿಂಚೂ!” ಎಂದು ನಾನು, “ಕೆಂಚಾ, ಬಾರ್ಲಾ!” ಎಂದು ಅವರು. ನನ್ನ ಧ್ವನಿ ಒಡೆದು, ಕೊನೆಗೆ ಹೆಸರು ಹೋಗಿ ಬರೀ ಕೂಗು ಉಳಿಯಿತು.

ಅದು ನನ್ನ ಬಳಿಗೆ ಬರಲಿಲ್ಲ. ಅವರ ಬಳಿಗೂ ಹೋಗಲಿಲ್ಲ. ನಮ್ಮಿಬ್ಬರ ನಡುವೆ ತೂರಿ ಆಚೆ ಹೋಗಿ, ಅಗಲವಾಗಿ ಒಂದು ಸುತ್ತು ಹೊಡೆದು, ನನ್ನ ಬೆನ್ನ ಹಿಂದೆ ಬಂದು ಮೀನಖಂಡಕ್ಕೆ ತಿವಿಯಿತು. ನಾನು ಬೆಪ್ಪಾಗಿ ನಿಂತೇ ಇದ್ದೆ; ಹಿಮ್ಮಡಿಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿತು. ನಾಲ್ಕು ಹೆಜ್ಜೆ ಸರಿದೆ. ತಕ್ಷಣ ಓಡಿಹೋಗಿ ಕರಿಯಣ್ಣನವರ ಕಾಲಿಗೂ ಅದೇ ಚಿಕಿತ್ಸೆ. ಮತ್ತೆ ನಾನು, ಮತ್ತೆ ಅವರು. ಹೀಗೆ ಅತ್ತಿತ್ತ ಓಡಾಡಿ, ಆ ಇಪ್ಪತ್ತು ಹೆಜ್ಜೆಗಳನ್ನು ಸವೆಸಿ, ನಮ್ಮಿಬ್ಬರನ್ನೂ ಭುಜಕ್ಕೆ ಭುಜ ತಾಗುವಂತೆ ತಂದು ನಿಲ್ಲಿಸಿ, ಹಿಂದೆ ಕೂತು ನಾಲಗೆ ಚಾಚಿತು.

ಕರಿಯಣ್ಣ ನಗುತ್ತ ಕಂಬಳಿಯಿಂದ ಕಣ್ಣೊರೆಸಿಕೊಂಡರು. “ಮಂದೆಗೆ ಸೇರಿಸ್ಕೊಂಡ್ಬುಟ್ಟೈತೆ ಕಣಮ್ಮ ನಿನ್ನ! ಸಂಜೆ ಕುರಿ ರೊಪ್ಪಕ್ಕೆ ಕೂಡ್ತಿದ್ದಂಗೆ, ಇನ್ನೊಂದು ಎಲ್ಲೋ ತಪ್ಪಿಸ್ಕೊಂಡೈತೆ ಅನ್ನಂಗೆ ದುರ್ಗದ ಕಡೀಕೆ ಓಡ್ತಿತ್ತು. ನನ್ ಲೆಕ್ಕ ನಲ್ವತ್ಮೂರು. ಅದ್ರ ಲೆಕ್ಕ ನಲ್ವತ್ನಾಕು ಅಂತ ಇವತ್ ಗೊತ್ತಾಯ್ತು ನೋಡು.”

ಬಕೆಟ್ಟು ಸಿರಾಕ್ಕೆ ಹೋಯಿತು. ಏಳನ್ನೂ ಹನ್ನೊಂದನ್ನೂ ಮಂಜಣ್ಣ ಹೊಡೆದುಹಾಕಿದ. ಕರಿಯಣ್ಣ ಕುರಿ ಬಿಡಲು ರೊಪ್ಪದ ಕಡೆ ತಿರುಗಿದರು. ನಾಯಿ ಅವರತ್ತ ಒಮ್ಮೆ ನೋಡಿ, ಮೊದಲು ನನ್ನನ್ನು ಮನೆಯವರೆಗೆ ಅಟ್ಟಿಕೊಂಡು ಬಂದು, ನಾನು ಹೊಸ್ತಿಲು ದಾಟಿದ್ದನ್ನು ಖಚಿತಪಡಿಸಿಕೊಂಡು, ಬೆಟ್ಟ ಬಳಸಿ ಕೆಲಸಕ್ಕೆ ಓಡಿತು. ಇಷ್ಟು ದಿನ ಅದರ ಲೆಕ್ಕವನ್ನು ನಾನು ಇಡುತ್ತಿದ್ದೇನೆಂದು ತಿಳಿದಿದ್ದೆ.

ಹಳೆಯ ಪುಟಗಳಲ್ಲಿ ‘ಹಿಂದೆ ಬಿತ್ತು’ ಎಂಬುದನ್ನು ಹೊಡೆದು ‘ಮನೆಗೆ ಸೇರಿಸಿತು’ ಎಂದು ತಿದ್ದುತ್ತಿದ್ದೇನೆ. ಅರವತ್ತೆರಡು ಪುಟ ಮುಗಿದಿವೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಯಾವ ಕಡೆಯವರಾದರೂ ಸರಿ, ಎರಡು ಮನೆಯ ನಾಯಿಯನ್ನು ಸ್ಪರ್ಧೆಯ ಪಟ್ಟಿಯಲ್ಲಿ ಯಾರ ಹೆಸರಿಗೆ ಬರೆದುಕೊಳ್ಳುತ್ತಾರೆಂದು ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಪತ್ರ ಚಿಕ್ಕದಾಗಿರಲಿ. ಸಂಜೆ ದಾರಿಯಲ್ಲಿ ನಿಂತು ಓದಲು ನಾಯಿ ನನ್ನನ್ನು ಬಿಡುವುದಿಲ್ಲ.