ನೀಲಕ್ಕನ ಕೈಗೊಪ್ಪಿದ ವಾಚು

ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ನೀಲಕ್ಕ ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಕೈಯಲ್ಲಿನ ವಾಚು ಬಿಚ್ಚಿ ಊಟದ ಡಬ್ಬಿಯ ಚೀಲಕ್ಕೆ ಹಾಕುವುದು. ಆಮೇಲೆ ಮಣಿಕಟ್ಟನ್ನು ನಿಧಾನಕ್ಕೆ ತಿಕ್ಕಿಕೊಳ್ಳುತ್ತ ಕಣ್ಣು ಮುಚ್ಚುವುದು. ಅದು ಗಂಡಸರ ವಾಚು. ಬಂಗಾರದ ಬಣ್ಣ ಅಲ್ಲಲ್ಲಿ ಹಾರಿದ ಉಕ್ಕಿನ ಚೈನು, ದೊಡ್ಡ ಡಯಲ್ಲು. ಕೊಂಡಿ ತೆಗೆಸಿದ್ದರೂ ಅವಳ ಸಣ್ಣ ಕೈಗೆ ಅದು ನಿಲ್ಲುತ್ತಿರಲಿಲ್ಲ. ಕೈ ಎತ್ತಿದರೆ ಮೊಣಕೈಯತ್ತ ಜಾರುತ್ತಿತ್ತು, ಇಳಿಸಿದರೆ ಅಂಗೈ ಮೇಲೆ ಬಂದು ಕೂಡುತ್ತಿತ್ತು.

ನಾವಿಬ್ಬರೂ ಬಾಗಲಕೋಟೆಯ ನವನಗರದವರು. ನಾನು ಹುನಗುಂದದ ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದೆ, ಅವಳು ಅಲ್ಲೇ ಒಂದು ಸರಕಾರಿ ಕಚೇರಿಯಲ್ಲಿ ಕ್ಲಾರ್ಕು. ಹೋಗುವಾಗ ಬರುವಾಗ ಒಂದೇ ಬಸ್ಸು. ಗಂಡ ಅಪಘಾತದಲ್ಲಿ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ ಅವಳದು. ಮಕ್ಕಳಿಲ್ಲ. ಮನೆಯಲ್ಲಿ ಅವಳು ಮತ್ತು ಅತ್ತೆ.

"ನೌಕರೀನೂ ಅವ್ರದು, ವಾಚೂ ಅವ್ರದು. ಎರಡೂ ನನ್ನ ಅಳತೀಗೆ ಬರಲಿಲ್ಲ ನೋಡವಾ" ಎಂದು ಒಮ್ಮೆ ನಗುತ್ತ ಹೇಳಿದ್ದಳು. ಆ ನಗು ಬೇಗ ಮುಗಿಯಿತು.

ನೀಲಕ್ಕ ಯಾವಾಗಲೂ ದಣಿದಿರುತ್ತಿದ್ದಳು. ಆರಾಮೇನಕ್ಕಾ ಎಂದರೆ, "ನಡದೈತಿ" ಎನ್ನುತ್ತಿದ್ದಳು. ಹಬ್ಬವಿರಲಿ, ಜ್ವರವಿರಲಿ, ಉತ್ತರ ಅದೇ. ಸೀರೆ ಅತ್ತೆ ಆರಿಸಿದ್ದು, ಚಪ್ಪಲಿ ನಾದಿನಿ ಆರಿಸಿದ್ದು. ತನಗಾಗಿ ಏನಾದರೂ ತಗೊಳ್ಳುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ.

"ಬ್ಯಾರೆ ವಾಚ್ ತಗೋಬಾರದೇನಕ್ಕಾ?"

"ಅತ್ತೀಗೆ ಏನಂತ ಹೇಳಲಿ? ದಿನಾ ಮುಂಜಾನೆ ತಾವ ಸೆರಗಲೆ ಒರಸಿ ನನ್ನ ಕೈಯಾಗ ಕೊಡ್ತಾರ. ಮಗನ ವಾಚಲ್ಲಾ..."

ಒಂದು ಬೇಸಿಗೆಯಲ್ಲಿ ಬೆವರಿಗೆ ಚೈನಿನ ಕೆಳಗಿನ ಚರ್ಮ ಕೆಂಪಾಗಿ ಹುಣ್ಣಾಯಿತು. ರವಿವಾರ ನಾನೇ ಅವಳನ್ನು ಹಳೇ ಬಾಗಲಕೋಟೆಯ ಒಂದು ವಾಚಿನ ಅಂಗಡಿಗೆ ಎಳೆದುಕೊಂಡು ಹೋದೆ.

"ಯಾರಿಗ್ರಿ? ಗಿಫ್ಟ್ ಕೊಡಾಕೇನ್ರಿ?" ಎಂದ ಅಂಗಡಿಯವ.

"ನನಗ."

"ಎಂಥಾದ್ದು ಬೇಕ್ರಿ?"

ನೀಲಕ್ಕ ನನ್ನ ಮುಖ ನೋಡಿದಳು. "ನನಗ ಎಂಥಾದ್ದು ಸೇರತೈತಿ ಅನ್ನೂದ ಗೊತ್ತಿಲ್ಲಲ್ಲವಾ" ಎಂದಳು, ಮೆಲ್ಲಗೆ.

ಅವನು ಹರಳಿನದು ತೋರಿಸಿದ. ಮದುವಿಗೆ ಹೊಂಟಂಗ ಕಾಣತೈತ್ರಿ, ಬ್ಯಾಡ. ಸಣ್ಣ ಡಯಲ್ಲಿನದು ತೋರಿಸಿದ. ಚಷ್ಮಾ ಇಲ್ಲದ ಕಾಣಂಗಿಲ್ರಿ. ಚರ್ಮದ ಪಟ್ಟಿಯದನ್ನು ಮೂಗಿನ ಹತ್ತಿರ ಹಿಡಿದು, ಬೆವರಿಗೆ ನಾರತೈತಿ ಎಂದಳು. ಒಂದೊಂದನ್ನೂ ಬ್ಯಾಡ ಎನ್ನುತ್ತಿದ್ದಂತೆ ಅವಳ ದನಿ ಗಟ್ಟಿಯಾಗುತ್ತ ಹೋಯಿತು. ಕೊನೆಗೆ ತಾನೇ ಬೆರಳು ಮಾಡಿದ್ದು ಮೂಲೆಯಲ್ಲಿದ್ದ ನೀಲಿ ಬಟ್ಟೆಪಟ್ಟಿಯ ಹಗುರ ವಾಚಿಗೆ. ಬಿಳಿ ಡಯಲ್ಲು, ಹನ್ನೆರಡೂ ಅಂಕಿ ದಪ್ಪಗೆ.

"ಅದು ಕಾಲೇಜ್ ಹುಡುಗ್ರು ಕಟ್ಟೂದ್ರಿ ಅಕ್ಕಾರ."

"ಕಟ್ಟಲಿ ಬಿಡ್ರಿ."

ಕಟ್ಟಿಕೊಂಡು ಕೈ ಬೀಸಿದಳು. ಚೀಲದ ಚೈನು ಎಳೆದಳು. ಗಾಜಿನ ಮೇಜಿನ ಮೇಲೆ ಬೆರಳಿನಿಂದ ಏನೋ ಬರೆದಂತೆ ಮಾಡಿದಳು. "ಕಟ್ಟೇನೋ ಇಲ್ಲೋ ಅನ್ನಂಗೈತಿ. ಇದ ಇರಲಿ" ಎಂದಳು.

ಆದರೆ ಅದನ್ನು ಮನೆಗೆ ಕಟ್ಟಿಕೊಂಡು ಹೋಗುವ ಧೈರ್ಯ ಬರಲಿಲ್ಲ. ಬೆಳಿಗ್ಗೆ ಬಸ್ ಹತ್ತಿದ ಮೇಲೆ ಗಂಡನ ವಾಚು ಚೀಲಕ್ಕೆ, ಹೊಸದು ಕೈಗೆ. ಸಂಜೆ ಊರು ಹತ್ತಿರವಾಗಿ ಶಿರೂರು ದಾಟುತ್ತಲೇ ಹೊಸದು ಚೀಲಕ್ಕೆ, ಹಳೆಯದು ಕೈಗೆ. ಹೀಗೆ ಎಷ್ಟೋ ತಿಂಗಳು ನಡೆಯಿತು. ಒಂದು ಸಂಜೆ ದಣಿವಿಗೆ ಬಸ್ಸಿನಲ್ಲೇ ಗಾಢವಾಗಿ ನಿದ್ದೆ ಹೋದವಳು, ಕಂಡಕ್ಟರ್ ಕೂಗಿದಾಗ ಗಡಬಡಿಸಿ ಇಳಿದು ಹೋದಳು. ಅವಳು ವಾಚು ಬದಲಿಸದ್ದು ನನಗೂ ಲಕ್ಷ್ಯಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ವಾಚು ಕಟ್ಟಿಕೊಂಡೇ ಬಂದಳು. ಬಸ್ಸು ಊರು ಬಿಟ್ಟ ಮೇಲೆ ಹೇಳಿದಳು.

"ನಿನ್ನಿ ಮನಿಗೆ ಹೋದ ಕೂಡ್ಲೆ ಅತ್ತಿ ಕೈ ಹಿಡದು ನೋಡಿದ್ರು. 'ಹಗೂರೈತೇನ ನೀಲಾ?' ಅಂದ್ರು. ಹೂಂ ಅಂದ್ನಿ. 'ಛಲೋ ಆತು. ಅಂವಗೂ ಆ ವಾಚ್ ಸೇರತಿರಲಿಲ್ಲ, ಭಾಳ ಭಾರ ಅಂತಿದ್ದ. ಮದಿವ್ಯಾಗ ನಿಮ್ಮಪ್ಪ ಕೊಟ್ಟಿದ್ದಂತ, ನೀ ಬ್ಯಾಸರ ಮಾಡ್ಕೋಬಾರದಂತ ಕಟ್ಟತಿದ್ದ. ನಿನ್ನ ಮುಂದ ಹೇಳಬ್ಯಾಡ ಅಂದಿದ್ದ. ಅಂವ ಹ್ವಾದ ಮ್ಯಾಲೆ ನೀ ಜೀವ ಇಟ್ಟು ಕಟ್ಟತೀ ಅಂತ ತಿಳದು, ನಾ ಒರಸಿ ಕೊಡತಿದ್ದೆ' ಅಂದ್ರು."

ಅವಳು ಕಿಟಕಿಯ ಕಡೆ ತಿರುಗಿದಳು.

"ಮೂರೂ ಮಂದಿ ಒಬ್ಬರ ಸಲುವಾಗಿ ಒಬ್ರು..." ಎಂದಳು. ಆಮೇಲೆ, "ಅವ್ರರೆ ನನಗ ಒಂದ ಮಾತ ಹೇಳಬಾರದಾಗಿತ್ತೇನು?" ಎಂದಳು. ಗಂಡನ ಮೇಲೆ ಅವಳು ಸಿಟ್ಟಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹುನಗುಂದ ಬರುವ ಹೊತ್ತಿಗೆ ಅಳುತ್ತಿದ್ದಳು. ಇಳಿಯುವ ಮುಂಚೆ ಮುಖ ಒರೆಸಿಕೊಂಡು ಕಚೇರಿಗೆ ಹೋದಳು.

ಮುಂದೆ ಅತ್ತೆ ತೀರಿಕೊಂಡರು. ನೀಲಕ್ಕನಿಗೆ ಬಾದಾಮಿಗೆ ವರ್ಗವಾಯಿತು. ನನ್ನ ಪಕ್ಕದ ಸೀಟಿಗೆ ಯಾರು ಯಾರೋ ಬಂದು ಕೂಡತೊಡಗಿದರು.

ಕಡೆಯ ಸಲ ಅವಳು ಸಿಕ್ಕಿದ್ದು ನವನಗರದ ಬಸ್‌ಸ್ಟ್ಯಾಂಡಿನಲ್ಲಿ. ಮನೆ ಖಾಲಿ ಮಾಡಿ, ಉಳಿದ ಎರಡು ಚೀಲ ಹಿಡಿದು ಬಾದಾಮಿಗೆ ಹೊರಟಿದ್ದಳು. ಅಲ್ಲೇ ಒಂದು ಬಾಡಿಗೆ ಖೋಲಿ ಹಿಡಿದಿದ್ದಳಂತೆ. ಕಣ್ಣ ಕೆಳಗಿನ ಕಪ್ಪು ಹಾಗೇ ಇತ್ತು, ಕೈಯಲ್ಲಿ ಅದೇ ನೀಲಿ ಪಟ್ಟಿಯ ವಾಚು. ಮಾತು ಶುರುವಾಗುವಷ್ಟರಲ್ಲಿ ಅವಳ ಬಸ್ಸು ಬಂತು. ನಾನು ಅವಳ ಚೀಲ ಎತ್ತಿಕೊಂಡು ಬೆಂಚಿನಿಂದ ಎದ್ದೆ.

"ಹೋಗಲಿ ಬಿಡವಾ, ಮುಂದಿನ ಬಸ್ಸಿಗೆ ಹೋಗ್ತೇನಿ. ಕುಂದರು" ಎಂದಳು.

ಬಸ್ಸು ಹೋಯಿತು. ನಾವಿಬ್ಬರೂ ಆ ಕಲ್ಲುಬೆಂಚಿನ ಮೇಲೆ ಕೂತೆವು.