ಕಾಲುಚೀಲದೊಳಗೆ ಕೂಗಿದ ಮಷೀನು

ಹಳಿಯಾಳ, ದಾಂಡೇಲಿ, ಜೋಯಿಡಾ ರಸ್ತೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಂಡಕ್ಟರ್ ಆಗಿದ್ದವಳು ನಾನು. ಮನುಷ್ಯರನ್ನು ನಂಬುವ ಅಭ್ಯಾಸ ಮೊದಲ ವರ್ಷವೇ ಬಿಟ್ಟುಹೋಗಿತ್ತು. ಟಿಕೆಟ್ ತೆಗೆಯದವನು ಕಿಟಕಿಯಾಚೆ ನೋಡುತ್ತಾನೆ. ಬೆಳೆದ ಮಗನಿಗೆ ಅರ್ಧ ಟಿಕೆಟ್ ಕೇಳುವ ತಾಯಿ ಅವನನ್ನು ತೊಡೆಯ ಮೇಲೆ ಮುದುರಿ ಕೂರಿಸಿಕೊಂಡಿರುತ್ತಾಳೆ. ಇಂಥವನ್ನು ದೂರದಿಂದಲೇ ಹಿಡಿಯುತ್ತಿದ್ದೆ. ಅದರ ಜಂಬವೂ ಇತ್ತು.

ದಾಂಡೇಲಿಯ ಒಬ್ಬ ಮೆಕ್ಯಾನಿಕ್ ದಿನಾ ನನ್ನ ಬಸ್ಸಿಗೆ ಬರುತ್ತಿದ್ದ. ಹುಟ್ಟಿನಿಂದ ಕಿವಿ ಕೇಳದು, ಪಾಸು ಇತ್ತು. ಆ ಪಾಸನ್ನು ಮೊದಲ ತಿಂಗಳು ತಿರುಗಿಸಿ ತಿರುಗಿಸಿ ನೋಡಿದ್ದೆ. ಒಮ್ಮೆ ಅವನ ಬೆನ್ನ ಹಿಂದೆ ನಿಂತು ಬೇಕೆಂದೇ ಸೀಟಿ ಊದಿಯೂ ನೋಡಿದ್ದೆ. ಅವನು ತಿರುಗಲಿಲ್ಲ, ಮುಂದಿನ ಸೀಟಿನ ಅಜ್ಜಿ ಬೈದಳು. ನಾನು ನಿವೃತ್ತಳಾದ ವಾರ ಅವನೇ ಒಂದು ಟಿಕೆಟ್ಟಿನ ಬೆನ್ನಿಗೆ ಬರೆದು ಕೊಟ್ಟ: ದಸರಾ ರಜೆಯಲ್ಲಿ ಕಿವುಡ ಮಕ್ಕಳಿಗೆ ಐದು ದಿನದ ಶಿಬಿರ ಮಾಡುತ್ತೇನೆ, ಹುಡುಗಿಯರನ್ನು ನೋಡಿಕೊಳ್ಳಲು ನೀವು ಬರಬೇಕು. ಇಷ್ಟು ಜನ ಇರುವಾಗ ನನ್ನನ್ನೇ ಯಾಕೆ ಕರೆದ ಎಂದು ಎರಡು ದಿನ ಅನುಮಾನಪಟ್ಟು, ಆಮೇಲೆ ಹೋದೆ.

ಜೋಯಿಡಾದ ಕಡೆ ಕಾಡಿಗೆ ಅಂಟಿಕೊಂಡ ಒಂದು ಉದ್ದನೆಯ ಹಂಚಿನ ಮನೆ. ಹದಿನಾಲ್ಕು ಮಕ್ಕಳು. ಮೊದಲ ದಿನ ಕೊರಳಲ್ಲಿ ಹಳೇ ಸೀಟಿ ತೂಗಿಸಿಕೊಂಡು ಜೋರಾಗಿ ಊದಿದೆ. ಬಂದದ್ದು ಪಕ್ಕದ ಮನೆಯ ನಾಯಿ ಮಾತ್ರ. ಮಕ್ಕಳು ಉಬ್ಬಿದ ನನ್ನ ಕೆನ್ನೆ ನೋಡಿ ಬಿದ್ದು ಬಿದ್ದು ನಕ್ಕರು.

ನಗು ತಡೆದುಕೊಂಡೇನು, ಸನ್ನೆಯಲ್ಲಿ ಮಾತಾಡುವ ಆ ಕೈಗಳನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಊಟಕ್ಕೆ ಕೂತರೆ ಹದಿನಾಲ್ಕು ಜೋಡಿ ಕೈಗಳು ಗಾಳಿಯಲ್ಲಿ. ನಾನು ಕಲಿತದ್ದು ಊಟ, ನೀರು, ಮಲಗು, ಬಾ, ಹೋಗು ಅಷ್ಟೇ. ಉಳಿದದ್ದೆಲ್ಲ ನನ್ನ ವಿಷಯವೇ ಇರಬೇಕು ಅನ್ನಿಸುತ್ತಿತ್ತು. ಬಸ್ಸಿನಲ್ಲಾದರೆ ಜನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಇವರು ಕಣ್ಣೆದುರೇ ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಬೆಳಿಗ್ಗೆ ನನಗೊಂದು ಕೆಲಸವಿತ್ತು. ಕಿವಿಯ ಮಷೀನುಗಳನ್ನು ರಾತ್ರಿಯಿಡೀ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದೆವು, ತೇವ ಹೀರಲಿ ಎಂದು. ತಿಂಡಿಗೆ ಮೊದಲು ಒಂದೊಂದನ್ನೇ ತೆಗೆದು, ಬ್ಯಾಟರಿ ನೋಡಿ, ಚಿಕ್ಕವರ ಕಿವಿಗೆ ನಾನೇ ತೂರಿಸಬೇಕು. ಎಲ್ಲರಿಗಿಂತ ಚಿಕ್ಕವಳು ಕುಂಬಾರವಾಡದ ಏಳು ವರ್ಷದ ಹುಡುಗಿ. ಅವಳ ಮಷೀನಿನಲ್ಲಿ ಕಿವಿಯೊಳಗೆ ಕೂರುವ ರಬ್ಬರು ಬಿರುಸಾಗಿತ್ತು, ತುಸು ಒತ್ತಬೇಕಾಗುತ್ತಿತ್ತು. ಒತ್ತಿ, ಸರಿಯಿದೆಯಾ ಎಂದು ಹೆಬ್ಬೆರಳೆತ್ತಿ ಕೇಳಿದರೆ ಅವಳೂ ಹೆಬ್ಬೆರಳೆತ್ತಿ ನಗುತ್ತಿದ್ದಳು. ಇಂಥ ಮಕ್ಕಳಿದ್ದರೆ ಕೆಲಸ ಹಗುರ ಅನ್ನಿಸುತ್ತಿತ್ತು.

ನಾನು ಕಣ್ಣಿಟ್ಟದ್ದು ತೇರಗಾಂವದ ಹುಡುಗಿಯ ಮೇಲೆ. ಹದಿಮೂರರವಳು, ನನ್ನನ್ನು ಕಂಡರೆ ಮುಖ ಗಂಟು. ಅವಳ ಮಷೀನು ಕೆಟ್ಟು ಎರಡು ವರ್ಷವಾಗಿತ್ತಂತೆ, ಹೊಸದು ಬಂದಿರಲಿಲ್ಲ. ಆ ಚಿಕ್ಕವಳ ಪಕ್ಕದಲ್ಲೇ ಮಲಗುವುದು, ಅವಳ ಜಡೆ ಹಾಕುವುದು, ಅವಳ ಕಿವಿಯನ್ನೇ ನೋಡುತ್ತ ಕೂರುವುದು. ಮೊದಲ ಎರಡು ದಿನದಲ್ಲಿ ಇವಳು ಎರಡು ಸಲ ನನ್ನ ಸೆರಗು ಹಿಡಿದೆಳೆದು ಏನೋ ಕೈಸನ್ನೆ ಮಾಡಿದ್ದಳು. ಇನ್ನೊಂದು ಚಪಾತಿಗೆ ಇರಬೇಕೆಂದು ಅಡುಗೆಮನೆ ತೋರಿಸಿ ಕಳಿಸಿದ್ದೆ.

ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಚಿಕ್ಕವಳ ಕಿವಿ ಬರಿದಾಗಿತ್ತು. ಎಲ್ಲಿ ಎಂದರೆ ಭುಜ ಕುಣಿಸಿದಳು. ಸಿಗದಿದ್ದರೆ ಅವಳ ಮನೆಯವರಿಗೆ ಏನೆಂದು ಹೇಳುವುದು? ಆದರೆ ಯಾರ ಕೆಲಸ ಎಂಬ ಬಗ್ಗೆ ಒಂದು ನಿಮಿಷವೂ ಯೋಚಿಸಲಿಲ್ಲ. ತೇರಗಾಂವದವಳು ತಟ್ಟೆ ಬಿಟ್ಟು ಕಿಟಕಿಯಾಚೆ ನೋಡುತ್ತಿದ್ದಳು.

ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಚೀಲಗಳನ್ನು ತಪಾಸಣೆ ಮಾಡಿದೆ. ಅವಳ ಚೀಲದ ಹತ್ತಿರ ಬಗ್ಗಿದಾಗ ಒಳಗಿಂದ ಕುಂಯ್ ಎಂಬ ಸಣ್ಣ ದನಿ ಬಂತು. ಚಾಲೂ ಇರುವ ಮಷೀನನ್ನು ಮುಚ್ಚಿಟ್ಟರೆ ಹಾಗೆ ಕೂಗುತ್ತದೆ. ಆ ಕೋಣೆಯಲ್ಲಿದ್ದವರ ಪೈಕಿ ಅದು ಕೇಳಿಸಿದ್ದು ನನ್ನೊಬ್ಬಳಿಗೆ. ಕಾಲುಚೀಲದ ಉಂಡೆ ಬಿಚ್ಚಿ ಮಷೀನು ಎತ್ತಿ ಹಿಡಿದಾಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯೇ ಆಗಿತ್ತು. ಹಳೇ ಕಣ್ಣು ಇನ್ನೂ ಮಂಜಾಗಿಲ್ಲ ಎನ್ನುವ ಖುಷಿ.

ಯಾಕೆ ಕದ್ದೆ ಎಂದು ನನಗೆ ಬಂದ ಹಾಗೆ ಕೈ ಬೀಸಿ ಕೇಳಿದೆ. ಅವಳು ಕೈ ಎತ್ತಿದಳು, ನಾನು ಆ ಕೈ ತಳ್ಳಿ ಮಷೀನನ್ನೇ ಮುಖದ ಮುಂದೆ ಹಿಡಿದೆ. ಆಗ ಅವಳು ಕಣ್ಣು ಮುಚ್ಚಿಕೊಂಡಳು. ಕೈಯಲ್ಲಿ ಮಾತಾಡುವವರು ಕಣ್ಣು ಮುಚ್ಚಿಕೊಂಡರೆ ಮಾತು ಮುಗಿದಂತೆ.

ನಾನು ಹೊರಗೆ ಬಂದು ಅವಳ ಅಪ್ಪನಿಗೆ ಫೋನ್ ಮಾಡಿ, ಮಗಳು ಕದ್ದಿದ್ದಾಳೆ, ಮನೆಗೆ ಕಳಿಸುತ್ತೇನೆ ಎಂದೆ. ಆತ ಹೇಳಿದ: "ಅಕಿ ಹಂಗ ಮಾಡೂ ಹುಡುಗಿ ಅಲ್ರಿ. ನೀವ ಹೇಳೂದಾದ್ರ ಸಂಜಿ ಬಸ್ಸಿಗೆ ಕಳಸ್ರಿ. ಇನ್ನ ಎಲ್ಲೂ ಕಳಸೂದಿಲ್ಲ."

ಮರುದಿನ ಕಾಳಿ ನದಿಯಲ್ಲಿ ದೋಣಿ ಇತ್ತು. ಅದಕ್ಕೆಂದೇ ಅವಳು ಬಂದ ದಿನದಿಂದ ಲೈಫ್ ಜಾಕೆಟ್ ಹಾಕಿ ತೆಗೆದು ಮಾಡುತ್ತಿದ್ದಳು. ಅದು ನೆನಪಾಯಿತು, ಆದರೂ ನನ್ನ ಮನಸ್ಸು ಕರಗಲಿಲ್ಲ.

ಒಳಗೆ ಬಂದರೆ ಮೆಕ್ಯಾನಿಕ್ ಅವಳೆದುರು ನೆಲದ ಮೇಲೆ ಕೂತಿದ್ದ. ಭುಜ ಮುಟ್ಟಲಿಲ್ಲ, ಅಲುಗಾಡಿಸಲಿಲ್ಲ, ಅವಳಾಗಿ ಕಣ್ಣು ತೆರೆಯಲಿ ಎಂದು ಕಾದ. ತುಂಬ ಹೊತ್ತಾಯಿತು. ಕಣ್ಣು ತೆರೆದದ್ದೇ ಅವಳ ಕೈಗಳು ಬಿಡದೆ ಮಾತಾಡಿದವು. ಅವನು ಎದ್ದು ಚಿಕ್ಕವಳ ಕೂದಲು ಸರಿಸಿ ಕಿವಿ ನೋಡಿದ. ನನ್ನನ್ನು ಕರೆದು ತೋರಿಸಿದ. ಒಳಗೆ ಕೆಂಪಗೆ ಊದಿಕೊಂಡಿತ್ತು, ಅಂಚಿನಲ್ಲಿ ಕೀವು ಒಣಗಿತ್ತು. ರಬ್ಬರು ಹಿಂದಿನ ವರ್ಷದ ಅಳತೆಯದು. ಮಗು ಬೆಳೆದು ಕಿವಿಯ ಆಕಾರ ಬದಲಾಗಿತ್ತು, ಬಿರುಸಾದ ರಬ್ಬರು ಒಳಗೆ ಉಜ್ಜುತ್ತಿತ್ತು. ನಾನು ಮೂರು ದಿನದಿಂದ ಒತ್ತಿ ಒತ್ತಿ ತೂರಿಸುತ್ತಿದ್ದೆ.

ಅವನು ಮೊಬೈಲಿನಲ್ಲಿ ಬರೆದು ನನ್ನ ಮುಂದೆ ಹಿಡಿದ: "ನಿಮಗ ಎರಡ ಸಲ ಹೇಳೇನಿ ಅಂತಾಳ. ನೀವು ಅಡಿಗಿಮನಿ ತೋರಿಸಿದ್ರಂತ. ಅದಕ್ಕ ಇವತ್ತ ಬಚ್ಚಿಟ್ಟಾಳ."

ಅದೇ ಮೊಬೈಲಿನಲ್ಲಿ ಬರೆದು, ಅವನ ಕೈಯಿಂದ ಚಿಕ್ಕವಳನ್ನು ಕೇಳಿಸಿದೆ, ನೋವಿದ್ದರೂ ಹೆಬ್ಬೆರಳು ಯಾಕೆ ಎತ್ತಿದೆ ಎಂದು. ಅವಳು ಮತ್ತೆ ಹೆಬ್ಬೆರಳೆತ್ತಿ ನಕ್ಕಳು. ದೊಡ್ಡವರಿಗೆ ಅದೇ ಬೇಕು ಎಂದು ಯಾರೋ ಕಲಿಸಿದ್ದರು, ನಾನೂ ಅದನ್ನೇ ಕಲಿಸಿದ್ದೆ. ಸಾವಿರ ಜನರ ಸುಳ್ಳು ಹಿಡಿದವಳಿಗೆ ಆ ಒಂದು ನಗು ಹಿಡಿಯಲು ಆಗಿರಲಿಲ್ಲ.

ದಾಂಡೇಲಿಯ ಡಾಕ್ಟರ್ ಕಿವಿಗೆ ಔಷಧಿ ಬಿಟ್ಟು, "ವಾಸಿ ಆಗೂ ತನಕ ಮಷೀನು ಬ್ಯಾಡ, ಆಮ್ಯಾಲ ಹೊಸ ಅಳತಿ ತಗೋಳ್ರಿ" ಎಂದರು. ಆಟೋದಲ್ಲಿ ಚಿಕ್ಕವಳು ತೇರಗಾಂವದವಳ ತೊಡೆಯ ಮೇಲಿದ್ದಳು. ನಾನು ಮತ್ತೆ ದೊಡ್ಡವಳ ಅಪ್ಪನಿಗೆ ಫೋನ್ ಹಚ್ಚಿದೆ.

"ತಪ್ಪು ನಂದರಿ. ಅಕಿ ಕದ್ದಿಲ್ಲ. ಅಕಿನ್ನ ಇರಾಕ ಬಿಡ್ರಿ."

"ನನಗ್ಯಾಕ ಹೇಳ್ತೀರಿ," ಎಂದ ಆತ. "ಅಕಿಗೆ ಹೇಳ್ರಿ."

ಹೇಗೆ ಹೇಳಲಿ? ಊಟ, ನೀರು, ಮಲಗು ಗೊತ್ತಿದ್ದವಳಿಗೆ ತಪ್ಪಾಯಿತು ಎನ್ನುವ ಸನ್ನೆ ಗೊತ್ತಿರಲಿಲ್ಲ. ಮನೆಯ ಜಗಲಿಯ ಮೇಲೆ ಎಲ್ಲ ಮಕ್ಕಳ ಎದುರೇ ಎರಡೂ ಕಿವಿ ಹಿಡಿದುಕೊಂಡು ಅವಳ ಮುಂದೆ ನಿಂತೆ. ಶಾಲೆಯಲ್ಲಿ ನಿಲ್ಲುತ್ತಿದ್ದೆವಲ್ಲ, ಹಾಗೆ. ಅವಳು ನೋಡಿದಳು, ನಗಲಿಲ್ಲ, ಒಳಗೆ ಹೋದಳು. ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಅಕ್ಕಿಯ ಡಬ್ಬಿ ತೆರೆದು ಕೂತಾಗ ಅವಳು ಟಾರ್ಚ್ ಹಿಡಿದು ಬಂದಳು. ನಾನು ಯಾವ ಮಗುವನ್ನೂ ಮುಟ್ಟುವ ಮೊದಲು ಅವಳು ಕಿವಿಯೊಳಗೆ ಬೆಳಕು ಬಿಟ್ಟು ನೋಡಬೇಕು. ನೋಡಿ ತಲೆಯಾಡಿಸಿದ ಮೇಲೆ ನಾನು ತೂರಿಸಬೇಕು. ತೂರಿಸಿದ ಮೇಲೆ ಮತ್ತೆ ನೋಡುತ್ತಾಳೆ. ಸರ್ವಿಸಿನ ಉದ್ದಕ್ಕೂ ಚೆಕಿಂಗಿನವರು ಬಸ್ಸು ಹತ್ತಿದಾಗ ನಾನು ಬೆವರಿದವಳಲ್ಲ, ಆ ದಿನ ಬೆವರಿದೆ.

ಮಧ್ಯಾಹ್ನ ಅವಳು ದೋಣಿಯ ಮುಂದಿನ ತುದಿಯಲ್ಲಿ ಕೂತಳು, ಚಿಕ್ಕವಳನ್ನು ನನ್ನ ಪಕ್ಕ ಬಿಡದೆ ತನ್ನ ಪಕ್ಕವೇ ಕೂರಿಸಿಕೊಂಡು. ಆಮೇಲೆ ಎರಡು ದಸರಾ ಕಳೆದವು, ಅವಳು ಎರಡಕ್ಕೂ ಬಂದಳು, ಟಾರ್ಚ್ ಮನೆಯಿಂದಲೇ ತಂದಳು. ಈಗ ನನ್ನನ್ನು ಕಂಡರೆ ನಗುತ್ತಾಳೆ. ಕಿವಿ ಮಾತ್ರ ತಾನೇ ನೋಡುತ್ತಾಳೆ.